ಮೆತ್ತನೆ ಮೂತಿಯ ಗುಂಡು

ಹೋದ ತಿಂಗಳು ರಾಯಚೂರಿನ ನಮ್ಮ ಕಚೇರಿಯಲ್ಲಿ ವರ್ಷದ ತಪಾಸಣೆಗೆಂದು ಬಂದೂಕಿನ ಕಪಾಟು ತೆರೆದರು. ಗುಂಡಿನ ತೋಟಾ ಇಟ್ಟಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇ ತಡ, ಹಿತ್ತಾಳೆ, ಹಳೆಯ ಎಣ್ಣೆ, ಸುಟ್ಟ ಮದ್ದು ಮೂರೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ನನ್ನ ಬಲಭುಜ ತಾನಾಗಿಯೇ ಹಿಂದಕ್ಕೆ ಸರಿಯಿತು. ಪಕ್ಕದಲ್ಲಿದ್ದ ಗುಮಾಸ್ತರು, "ಯಾಕ್ರಿ ಮೇಡಂ, ಆರಾಮಿಲ್ಲೇನು?" ಎಂದರು. ಏನಿಲ್ಲ ಎಂದೆ. ಆದರೆ ಆ ದಿನವೆಲ್ಲ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಕಿಟಕಿಯ ಹತ್ತಿರ ಹೋಗಬೇಕು. ದೇವದುರ್ಗದಲ್ಲಿ ಅರಣ್ಯ ರಕ್ಷಕಿಯಾಗಿ ಕಳೆದ ಆ ಹತ್ತಿಯ ಸುಗ್ಗಿ ನನ್ನನ್ನು ಇನ್ನೂ ಹೀಗೆ ಎಬ್ಬಿಸಿ ಓಡಾಡಿಸುತ್ತದೆ.

ನಾನು ಮಾನ್ವಿಯವಳು. ನಮ್ಮವ್ವ ಇಪ್ಪತ್ತು ವರ್ಷ ಪರರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದಾಕೆ. ನನಗೆ ಖಾಕಿ ಬಟ್ಟೆ ಬಂದ ದಿನ ಅದನ್ನು ಮುಟ್ಟಿ ಮುಟ್ಟಿ ನೋಡಿ, "ಇದಕ್ಕೂ ಹತ್ತೀನೇ ಹಾಕ್ತಾರೇನು?" ಎಂದು ಕೇಳಿದ್ದಳು. ತರಬೇತಿಯಲ್ಲಿ ಬಂದೂಕು ಹಿಡಿಯುವುದನ್ನು ಕಲಿಸಿದ್ದರು. ನಾನು ಹೊಡೆದದ್ದು ಕಾಗದದ ಗುರಿಗಳಿಗೆ ಮಾತ್ರ. ಕಾಗದ ಎದುರಿಗೆ ಓಡಿ ಬರುವುದಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೂ ಮಳೆ ಬಿಡಲಿಲ್ಲ. ಗಬ್ಬೂರಿನಿಂದ ಕೃಷ್ಣೆಯ ದಂಡೆಯವರೆಗೆ ಹತ್ತಿ ಒಡೆದು ನಿಂತಿತ್ತು. ಒಂದು ದಿನ ಬಿಸಿಲು, ಎರಡು ದಿನ ಮೋಡ. ಒಡೆದ ಕಾಯಿಯನ್ನು ಬೇಗ ಬಿಡಿಸದಿದ್ದರೆ ಅರಳೆ ಕಪ್ಪಾಗುತ್ತದೆ. ಅಂಥ ಗಡಿಬಿಡಿಯ ಹೊತ್ತಿನಲ್ಲಿ ಒಂದು ಒಂಟಿ ಕಾಡುಹಂದಿ ಹೊಳೆಯ ಕಡೆಯ ಜಾಲಿ ಪೊದೆಗಳಿಂದ ಹೊಲಗಳಿಗೆ ಇಳಿಯತೊಡಗಿತು. ಮೊದಲು ಶೇಂಗಾ ಕೆದರಿತು, ಆಮೇಲೆ ನೆಲ್ಲಿನ ಗದ್ದೆಯಲ್ಲಿ ಹೊರಳಾಡಿ ಬೆಳೆ ಹಾಳು ಮಾಡಿತು. ಒಂದು ಬೆಳಿಗ್ಗೆ ಶಿವನಗೌಡರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹುಲಿಗೆಮ್ಮನ ಮೇಲೆ ಬಿದ್ದಿತು.

ಹುಲಿಗೆಮ್ಮನನ್ನು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ದ ಗಾಡಿಯಲ್ಲಿ ನಾನೂ ಇದ್ದೆ. ನಲವತ್ತರ ಗಟ್ಟಿ ಹೆಂಗಸು. ಬಲತೊಡೆ ಮೊಣಕಾಲಿನಿಂದ ಮೇಲಕ್ಕೆ ಸೀಳಿತ್ತು. ಯಾರೋ ಅವಳ ಉಡಿಯಲ್ಲಿದ್ದ ಹತ್ತಿಯನ್ನೇ ಗಾಯಕ್ಕೆ ಒತ್ತಿ ಸೀರೆಯ ತುಂಡಿನಿಂದ ಬಿಗಿದಿದ್ದರು. ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ನಿಂತಾಗ ಕಾಣಲಿಲ್ಲ ಯವ್ವಾ. ಬಗ್ಗಿದಾಗ ಗಿಡದ ಬುಡದಾಗ ಅದರ ಕಣ್ಣು ಕಂಡ್ವು. ಇಷ್ಟ ಸನೇದಾಗ," ಎಂದು ತನ್ನ ಮೊಣಕೈ ತೋರಿಸಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: "ನಾಳಿಂದ ಯಾರೂ ಹೊಲಕ್ಕ ಬರಂಗಿಲ್ಲ. ನಮ್ಮ ಓಣಿ ಮಂದಿ ಏನ ತಿಂತಾರ?"

ಅವಳು ಹೇಳಿದಂತೆಯೇ ಆಯಿತು. ಆಳುಗಳು ಬರಲು ಒಪ್ಪಲಿಲ್ಲ. ಶಿವನಗೌಡರು ದಿನಕ್ಕೆರಡು ಸಲ ನಮ್ಮ ಕಚೇರಿಗೆ ಬಂದು ಕೂಗಾಡಿದರು. ಕೆಟ್ಟ ಮನುಷ್ಯರೇನಲ್ಲ. ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇನೆಂದು ತಾವಾಗಿ ಹೇಳಿದ್ದರು. ಆದರೆ ಕಣ್ಣೆದುರಿಗೆ ಬೆಳೆ ಕೆಡುವುದನ್ನು ನೋಡಿ ನೋಡಿ ಅವರ ಮಾತಿಗೆ ಲಗಾಮು ಉಳಿದಿರಲಿಲ್ಲ. ಕೊನೆಗೆ ಆ ಹಂದಿಯನ್ನು ಕೊಲ್ಲಲು ಮೇಲಿನಿಂದ ಲಿಖಿತ ಅನುಮತಿ ಬಂತು. ಲೈಸನ್ಸಿನ ರೈಫಲ್ ಇದ್ದವರೊಬ್ಬರು ಹೊಡೆಯಬೇಕು, ನಮ್ಮ ಸಿಬ್ಬಂದಿ ಜೊತೆಗಿರಬೇಕು, ಸಿಬ್ಬಂದಿ ಬೇಡವೆಂದರೆ ಹೊಡೆಯಕೂಡದು. ಆ ಸಿಬ್ಬಂದಿ ನಾನಾದೆ.

ಹೊಡೆಯುವವರನ್ನು ಹುಡುಕಿ ನಾನು ಹೋದದ್ದು ನಮ್ಮೂರಿಗೇ. ಮಾನ್ವಿಯ ಖಾದರ್ ಸಾಬರು ಬ್ಯಾಂಕೊಂದರಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದವರು, ಅದಕ್ಕೂ ಮೊದಲು ಸೈನ್ಯದಲ್ಲಿದ್ದವರು. ಅಪ್ಪನ ಕಾಲದ ಮುನ್ನೂರ ಹದಿನೈದು ಬೋರಿನ ರೈಫಲ್ ಅವರಲ್ಲಿತ್ತು. ಹಿಂದೆ ಇಂಥದೇ ಅನುಮತಿಯ ಮೇಲೆ ಗದ್ದೆಗೆ ನುಗ್ಗುವ ಹಂದಿಗಳನ್ನು ಹೊಡೆದಿದ್ದರು. ಒಂದು ಗುಂಡಿಗಿಂತ ಹೆಚ್ಚು ಬೇಕಾದದ್ದೇ ಇಲ್ಲ ಎಂದು ಊರಲ್ಲಿ ಮಾತಿತ್ತು. ನಾನು ಬಂದ ಕಾರಣ ಕೇಳಿ ಬಹಳ ಹೊತ್ತು ಗಡ್ಡ ನೀವಿಕೊಂಡರು. "ವಯಸ್ಸಾತು ಬೇಟಿ," ಎಂದರು. ನಾನು ಹುಲಿಗೆಮ್ಮನ ತೊಡೆಯ ವಿಷಯ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ಹಳೆಯ ಕಂಬಳಿಯಲ್ಲಿ ಸುತ್ತಿದ್ದ ರೈಫಲ್ ತಂದರು.

ಮೊದಲು ಹೋದದ್ದು ರಾಯಚೂರಿನ ಬಂದೂಕಿನ ಅಂಗಡಿಗೆ. ತೀನ್ ಕಂದೀಲ್ ವೃತ್ತದ ಹಿಂದಿನ ಇಕ್ಕಟ್ಟು ಓಣಿಯಲ್ಲಿ ಅರ್ಧ ಬಾಗಿಲು ಎಳೆದುಕೊಂಡು ಕೂತಿದ್ದ ಅಂಗಡಿ. ಅಂಗಡಿಯವರು ಲೈಸನ್ಸ್ ಪುಸ್ತಕ ನೋಡಿ, ಗಾಜಿನ ಮೇಲೆ ಎರಡು ಬಗೆಯ ತೋಟಾ ನಿಲ್ಲಿಸಿದರು. ಒಂದರ ಗುಂಡು ತುದಿಯವರೆಗೂ ತಾಮ್ರ ಹೊದ್ದು ಥಳಥಳ ಹೊಳೆಯುತ್ತಿತ್ತು. ಇನ್ನೊಂದರ ತುದಿಯಲ್ಲಿ ತಾಮ್ರ ನಿಂತು ಬೂದುಬಣ್ಣದ ಸೀಸ ಮೊಂಡಾಗಿ ಹೊರಗೆ ಇಣುಕುತ್ತಿತ್ತು.

ನಾನು ಹೊಳೆಯುವುದನ್ನು ತೋರಿಸಿದೆ. "ಇದು ಗಟ್ಟಿ ಕಾಣ್ತದ. ದೊಡ್ಡ ಜಾನವರಕ್ಕ ಇದೇ ಚೊಲೋ ಅಲ್ಲೇನು ಚಾಚಾ?"

ಖಾದರ್ ಚಾಚಾ ಎರಡನ್ನೂ ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದರು. ಅಷ್ಟು ಹತ್ತಿರ ಏಕೆ ಹಿಡಿದರೆಂದು ನಾನು ಆಗ ಯೋಚಿಸಲಿಲ್ಲ. "ಗಟ್ಟಿದು ಸೂಜಿ ಇದ್ದಂಗ. ಈ ಕಡಿಂದ ಹೊಕ್ಕು ಆ ಕಡಿಂದ ಹೊಂಟು ಹೋಗ್ತದ. ಹಂದಿ ಇನ್ನಾ ನಾಲ್ಕು ಹೊಲ ಓಡ್ತದ, ಗುಂಡು ಹತ್ತು ಹೊಲ ಓಡ್ತದ. ನಮ್ಮ ನಾಡಿನಾಗ ಎಲ್ಲಿ ನೋಡಿದ್ರೂ ಮಂದಿ. ಗುಂಡು ಎಲ್ಲಿ ನಿಂತೀತು?" ಆಮೇಲೆ ಸೀಸದ ತುದಿಯನ್ನು ಉಗುರಿನಿಂದ ಒತ್ತಿ ತೋರಿಸಿದರು. "ಇದರ ಮೂತಿ ಮೆತ್ತಗ. ಒಳಗ ಹೋಗಿ ಅರಳ್ತದ. ಅರಳಿದ್ದು ಅಲ್ಲೇ ನಿಲ್ತದ."

"ಹಂಗಿದ್ರ ಇದನ್ನೇ ತಗೊಳ್ಳೋಣು."

"ತಡಿ. ಇದಕ್ಕೂ ಒಂದು ಐಬು ಅದ. ಮುದಿ ಗಂಡು ಹಂದಿಗೆ ಹೆಗಲ ಮ್ಯಾಲ ತೊಗಲು ಎರಡು ಬಟ್ಟಿನಷ್ಟು ದಪ್ಪ ಇರ್ತದ. ಎಲುಬಿನಂಥಾ ತೊಗಲು. ಮೆತ್ತಂದು ಅಲ್ಲೇ ಅರಳಿಬಿಟ್ರ ಎದಿಮಟ ಮುಟ್ಟಂಗಿಲ್ಲ."

ಅಂಗಡಿಯವರು ನಕ್ಕರು. "ಎರಡೂ ಒಂದೇ ಗುಂಡಿನಾಗ ಬೇಕಂದ್ರ ಯಾವ ಅಂಗಡಿಯಾಗೂ ಸಿಗಂಗಿಲ್ಲ ಸಾಬ್."

ಎರಡು ಬಗೆಯನ್ನೂ ಒಂದಿಷ್ಟು ತೆಗೆದುಕೊಂಡು ಬಂದೆವು. ಮಾರನೆಯ ದಿನ ಕಾಲುವೆಯ ಎತ್ತರದ ಮಣ್ಣಿನ ಏರಿಗೆ ತೇವದ ಮಣ್ಣು ತುಂಬಿದ ಗೋಣಿಚೀಲಗಳನ್ನು ಒಂದರ ಹಿಂದೊಂದು ಒರಗಿಸಿದೆವು. ಪರೀಕ್ಷೆಗೂ ಅನುಮತಿಯಲ್ಲಿ ಅವಕಾಶವಿತ್ತು. ಚಾಚಾ ನಲವತ್ತು ಹೆಜ್ಜೆ ದೂರದಿಂದ ಹೊಡೆದರು. ಗಟ್ಟಿ ಗುಂಡು ಐದೂ ಚೀಲ ದಾಟಿ ಏರಿಯೊಳಗೆ ಎಲ್ಲಿ ಹೋಯಿತೋ, ಸಲಿಕೆಯಿಂದ ಅಗೆದರೂ ಸಿಗಲಿಲ್ಲ. ಮೆತ್ತನೆಯದು ಎರಡನೆಯ ಚೀಲದಲ್ಲೇ ನಿಂತಿತ್ತು. ಮಣ್ಣು ಒರೆಸಿ ಅಂಗೈಯಲ್ಲಿಟ್ಟುಕೊಂಡೆ. ಒಡೆದ ಹತ್ತಿಕಾಯಿಯ ಸಿಪ್ಪೆಯಂತೆ ನಾಲ್ಕು ಕಡೆ ಸುರುಳಿ ಬಿಚ್ಚಿಕೊಂಡಿತ್ತು. ಇನ್ನೂ ಬಿಸಿಯಾಗಿತ್ತು.

"ಮೆತ್ತಂದೇ ಹಾಕ್ತೀನಿ," ಎಂದರು ಚಾಚಾ. "ಅಡ್ಡಲಾಗಿ ನಿಂತಾಗ ಹೆಗಲ ಹಿಂದ ಹೊಡೆದ್ರ ಸಾಕಾಗ್ತದ."

ಮೂರು ದಿನ ನಸುಕಿನಲ್ಲಿ ಶಿವನಗೌಡರ ಹೊಲದ ಬದುವಿನ ಮೇಲೆ ಕಾದೆವು. ಮೂರು ದಿನವೂ ಮೋಡ. ಸೊಳ್ಳೆ ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಮನಸ್ಸು ಮಾತ್ರ ಹಿಡಿದಲ್ಲಿ ನಿಲ್ಲುತ್ತಿರಲಿಲ್ಲ. ಹಂದಿ ಬರಲಿ ಎನ್ನಿಸುತ್ತಿತ್ತು, ಮರುಗಳಿಗೆಗೆ ಬಾರದಿರಲಿ ಎನ್ನಿಸುತ್ತಿತ್ತು.

ನಾಲ್ಕನೆಯ ದಿನ ಬಂತು. ಆಗಷ್ಟೇ ಬೆಳಕು ಹರಿದಿತ್ತು. ಬಿಳಿ ಹತ್ತಿಯ ನಡುವೆ ಕರಿ ಬಂಡೆಯಂತೆ ಅದು ನಡೆದು ಬಂದು, ನಮಗೆ ಸರಿಯಾಗಿ ಅಡ್ಡಲಾಗಿ ನಿಂತಿತು. ಎಂಬತ್ತು ಹೆಜ್ಜೆ ಇದ್ದೀತು. ಚಾಚಾ ರೈಫಲ್ ಭುಜಕ್ಕೇರಿಸಿದರು. ಅವರ ಉಸಿರು ನಿಂತದ್ದು ನನಗೆ ಕೇಳಿಸಿತು. ಬೆರಳು ಟ್ರಿಗರ್ ಮೇಲೆ ಹೋಯಿತು.

ಆಗ ಹಂದಿಯ ಬೆನ್ನ ಮೇಲುಗಡೆ, ದೂರದಲ್ಲಿ, ಏನೋ ಅಲುಗಾಡಿತು. ಹತ್ತಿ ಗಿಡ ಗಾಳಿಗೆ ಹಾಗೆ ಅಲುಗುವುದಿಲ್ಲ. ಬಗ್ಗಿದ ಹೆಂಗಸಿನ ಬೆನ್ನು ಹಾಗೆ ಅಲುಗುತ್ತದೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದವಳು. ಬಿಳಿ ಬಟ್ಟೆಯ ಉಡಿ ಕಟ್ಟಿಕೊಂಡ ಹೆಂಗಸರು ಸಾಲಾಗಿ ಆಚೆಯ ಹೊಲದಲ್ಲಿ ಇಳಿದಿದ್ದರು. ಪಕ್ಕದ ರೈತ ಬೇರೆ ಊರಿನಿಂದ ಆಳು ಕರೆಸಿದ್ದು ನಮಗೆ ಗೊತ್ತಿರಲಿಲ್ಲ.

"ಬ್ಯಾಡ ಚಾಚಾ!" ಎಂದೆ.

"ಯಾಕ?"

"ಹಿಂದ ಮಂದಿ ಅದಾರ!"

ರೈಫಲ್ ತಕ್ಷಣ ಕೆಳಗಿಳಿಯಿತು. ನಮ್ಮ ಎಡಕ್ಕೆ ದೂರದ ಬದುವಿನ ಮೇಲೆ ಶಿವನಗೌಡರು ನಿಂತಿದ್ದರು. ಬರಬೇಡಿರೆಂದು ಹೇಳಿದ್ದರೂ ತಮ್ಮ ಜೋಡುನಳಿಗೆಯ ಬಂದೂಕು ಹಿಡಿದು ಬಂದಿದ್ದರು. ಚಾಚಾ ರೈಫಲ್ ಇಳಿಸಿದ್ದನ್ನು ನೋಡಿ, "ಹೊಡಿರಲೇ!" ಎಂದು ಕೂಗಿದರು. ಹಂದಿ ತಿರುಗಿತು. ಗೌಡರು ಎರಡೂ ನಳಿಗೆ ಹಾರಿಸಿಬಿಟ್ಟರು. ಅದರಲ್ಲಿದ್ದದ್ದು ಹಕ್ಕಿಗೆ ಹೊಡೆಯುವ ಸಣ್ಣ ಕಾಳಿನ ಛರ್ರಾ. ದೂರದ ಹಂದಿಯ ಕುಂಡೆಗೆ ನಾಲ್ಕಾರು ಕಾಳು ತಾಗಿ, ಅದು ಕಿರುಚುತ್ತ ಜಾಲಿ ಪೊದೆಯೊಳಗೆ ನುಗ್ಗಿತು. ಆಚೆಯ ಹೊಲದಲ್ಲಿ ಹೆಂಗಸರು ಚೀರುತ್ತ ಓಡಿದರು.

ಗೌಡರು ನನ್ನ ಮೇಲೆಯೇ ಹರಿಹಾಯ್ದರು. "ಕೈಗೆ ಬಂದದ್ದು ಬಿಡಿಸಿದಿ! ನಾಳೆ ಅದು ಇನ್ನೊಬ್ಬರ ಹೊಟ್ಟಿ ಸೀಳಿದ್ರ ಯಾರು ಜವಾಬು?"

"ಅಲ್ಲಿ ನೋಡ್ರಿ," ಎಂದು ಓಡುತ್ತಿದ್ದ ಹೆಂಗಸರನ್ನು ತೋರಿಸಿದೆ. ಗೌಡರು ನೋಡಿದರು. ಮುಖ ಬಾಡಿತು. ಅನುಮತಿಯಿಲ್ಲದೆ ಗುಂಡು ಹಾರಿಸಿದ್ದಕ್ಕೆ ನಾನು ವರದಿ ಬರೆದೆ. ಅವರ ಬಂದೂಕು ಅಂದೇ ಠಾಣೆ ಸೇರಿತು.

ಚಾಚಾ ಬದುವಿನ ಮೇಲೆ ಕೂತವರು ಏಳಲೇ ಇಲ್ಲ. ಹತ್ತಿರ ಹೋದೆ. "ಎಷ್ಟು ಮಂದಿ ಇದ್ರು?" ಎಂದು ಕೇಳಿದರು. ಎಂಟು ಹತ್ತು ಜನ ಇದ್ದಿರಬೇಕು ಎಂದೆ.

"ನನಗ ಒಬ್ಬರೂ ಕಾಣಲಿಲ್ಲ ಬೇಟಿ."

"ಮೋಡ ಇತ್ತಲ್ಲ ಚಾಚಾ."

"ಮೋಡ ಕಣ್ಣಾಗ ಅದ." ಅವರು ಬಲಗಣ್ಣು ಮುಟ್ಟಿಕೊಂಡರು. "ವರ್ಷ ಆತು. ಹಾಲಿನ ಕೆನಿ ಕಟ್ಟಿದಂಗ ಕಾಣ್ತದ. ಬಿಳಿ ಮ್ಯಾಲ ಕರೀದು ಕಂಡಿತು, ಅಷ್ಟೇ. ಹೇಳಿದ್ರ ಬಂದೂಕ ಕಸಗೊಂತಾರ ಅಂತ ಯಾರಿಗೂ ಹೇಳಲಿಲ್ಲ." ಆಮೇಲೆ, "ಗುಂಡು ಮೆತ್ತಂದು, ಯಾರಿಗೂ ಏನೂ ಆಗಂಗಿಲ್ಲ ಅಂತ ನಿನಗ ದೊಡ್ಡ ಮಾತು ಹೇಳಿದೆ. ಗುರಿ ತಪ್ಪಿದ್ರ ಮೆತ್ತಂದೇನು, ಗಟ್ಟೀದೇನು?" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಹೆಸರು ನಂಬಿ ಕರೆತಂದವಳು ನಾನೇ. ಕಣ್ಣು ಹೇಗಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಗಾಯಗೊಂಡ ಹಂದಿಯನ್ನು ಹಾಗೇ ಬಿಡುವಂತಿರಲಿಲ್ಲ. ನಡೆದದ್ದನ್ನೆಲ್ಲ ಮೇಲಧಿಕಾರಿಗೆ ತಿಳಿಸಿದೆ. ಬೇರೆ ಹೊಡೆಯುವವರು ಬರಲು ನಾಲ್ಕು ದಿನವಾದರೂ ಬೇಕಿತ್ತು. ಕೊನೆಗೆ ಕಚೇರಿಯ ರೈಫಲ್ ತೆಗೆದುಕೊಂಡು ನಾನೇ ಹೋಗಬೇಕೆಂದು ಆದೇಶ ಬಂತು. ಹೊರಡುವವರೆಗಿನ ಎರಡು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಅವ್ವ ಫೋನ್ ಮಾಡಿದರೆ, "ಕೆಲಸದಾಗ ಅದೀನಿ" ಎಂದು ಇಟ್ಟುಬಿಡುತ್ತಿದ್ದೆ. ಗುಡುಗಿದರೂ ಬೆಚ್ಚುತ್ತಿದ್ದೆ.

ಹೊರಡುವ ದಿನ ಚಾಚಾ ಬರಿಗೈಯಲ್ಲಿ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. "ಕಣ್ಣು ಹೋಗ್ಯಾವ, ಕಿವಿ ಅದಾವ. ಹಂದಿ ಎಲ್ಲಿ ಮಲಗ್ತದ ಅಂತ ಗೊತ್ತದ. ಬರ್ತೀನಿ," ಎಂದರು. ಬೇಡವೆಂದೆ. ಕೇಳಲಿಲ್ಲ.

ಕಚೇರಿಯ ತಗಡಿನ ಪೆಟ್ಟಿಗೆಯಲ್ಲೂ ಎರಡೂ ಬಗೆಯ ತೋಟಾ ಇದ್ದವು. ಜಾಲಿ ಪೊದೆಯ ಅಂಚಿನಲ್ಲಿ ನಿಂತು ಎರಡನ್ನೂ ಕೈಯಲ್ಲಿ ಹಿಡಿದೆ. ಪೊದೆಯ ಒಂದು ಕಡೆ ಕಾಲುವೆಯ ಏರಿ. ಇನ್ನೊಂದು ಕಡೆ ಹೊಳೆ. ಹೊಳೆದಂಡೆಯ ಗೂಗಲ್ಲು ಗ್ರಾಮದ ಕಡೆಯಿಂದ ಬಂದ ಇಬ್ಬರು ಬೆಸ್ತರು ನೀರಿನಲ್ಲಿ ತೆಪ್ಪ ಇಟ್ಟುಕೊಂಡು ಬಲೆ ಎಳೆಯುತ್ತಿದ್ದರು. ಕೂಗಿದೆವು, ಕೈ ಬೀಸಿದೆವು. ಗಾಳಿಗೆ ಅವರಿಗೆ ಕೇಳಿಸಲಿಲ್ಲ. ಹಂದಿ ಯಾವ ಕಡೆಯಿಂದ ಮೈಮೇಲೆ ಬರುತ್ತದೆಂದು ಗೊತ್ತಿಲ್ಲದ ಮೇಲೆ ನನ್ನ ಗುಂಡು ಯಾವ ಕಡೆಗೆ ಹೋಗುತ್ತದೆಂದೂ ಗೊತ್ತಿರಲಿಲ್ಲ.

"ಯಾವುದು ಹಾಕಲಿ ಚಾಚಾ?"

"ಎದುರಿಗೆ ಬಂದ್ರ ಗಟ್ಟೀದೇ ಬೇಕು. ಹೆಗಲಿನ ತೊಗಲು ಅದಕ್ಕಷ್ಟೇ ಬಗ್ಗೋದು. ಆದ್ರ ಗಟ್ಟೀದು ಹೊಳಿಮಟ ಹೋಗ್ತದ." ಅವರು ನನ್ನ ಕಡೆ ಮುಖ ತಿರುಗಿಸಿದರು. "ನಾ ಹೇಳಂಗಿಲ್ಲ ಬೇಟಿ. ಬಂದೂಕ ನಿನ್ನ ಕೈಯಾಗದ."

ನಾನು ಮೆತ್ತನೆಯ ಗುಂಡುಗಳನ್ನೇ ತುಂಬಿದೆ. ಗಟ್ಟಿಯವನ್ನು ಪೆಟ್ಟಿಗೆಯಲ್ಲಿಟ್ಟು ಜೀಪಿನಲ್ಲಿ ಬಿಟ್ಟೆ. ಜೇಬಿನಲ್ಲಿದ್ದರೆ ಮನಸ್ಸು ಬದಲಾದೀತೆಂಬ ಭಯ.

ಒಳಗೆ ಆಡುಗಳು ತುಳಿದ ಕಿರಿದಾದ ದಾರಿ. ಎಲೆಗಳ ಮೇಲೆ ಒಣಗಿದ ರಕ್ತದ ಚುಕ್ಕೆಗಳು. ನಾನು ಮುಂದೆ, ಚಾಚಾ ನನ್ನ ಹಿಂದೆ ಒಂದು ಹೆಜ್ಜೆ ಬಲಕ್ಕೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ ಕಿವಿಗೊಡುತ್ತಿದ್ದರು. ಒಂದು ಕಡೆ ನನ್ನ ಭುಜ ಒತ್ತಿದರು. ಕೊಳೆತ ವಾಸನೆ ನನಗೂ ಬಂತು. "ಎದುರಿಗೆ ಅದ," ಎಂದು ಅವರು ಪಿಸುಗುಟ್ಟುವುದರೊಳಗೆ ಪೊದೆ ಒಡೆಯಿತು.

ಅದು ಓಡಿ ಬಂದದ್ದು ನೆನಪಿಲ್ಲ. ಇದ್ದಕ್ಕಿದ್ದಂತೆ ಇತ್ತು, ಅಷ್ಟೇ. ಹೊಡೆದೆ. ಹೆಗಲಿನಿಂದ ಧೂಳು ಎದ್ದದ್ದನ್ನು ಕಂಡೆ. ಗುಂಡು ತಾಗಿತ್ತು. ಹಂದಿ ನಿಲ್ಲಲಿಲ್ಲ. ನಾನು ಮುಂದಿನ ಗುಂಡಿಗೆ ಬೋಲ್ಟ್ ಎಳೆಯುವಷ್ಟರಲ್ಲಿ ಚಾಚಾ ನನ್ನನ್ನು ಎಡಕ್ಕೆ ನೂಕಿದರು. ನನ್ನ ಜಾಗದಲ್ಲಿ ಅವರಿದ್ದರು. ಎತ್ತಿ ಎಸೆದಂತೆ ಬಿದ್ದರು. ಹಂದಿ ಅವರ ಮೇಲೆ ಮತ್ತೆ ತಿರುಗಿ ತಲೆ ತಗ್ಗಿಸಿತು. ಮೂರು ಹೆಜ್ಜೆ ದೂರದಿಂದ, ಕಿವಿಯ ಹಿಂದೆ, ನೆಲದ ಕಡೆಗೆ ಎರಡನೆಯ ಗುಂಡು ಹೊಡೆದೆ. ಅಲ್ಲೇ ಕುಸಿಯಿತು.

ಚಾಚಾನ ಎಡಗೈ ಮುರಿದಿತ್ತು, ಪಕ್ಕೆಯಲ್ಲಿ ಗೇಣುದ್ದ ಸೀಳು. ಕೊರಳಿಗೆ ಸುತ್ತಿಕೊಂಡಿದ್ದ ದುಪಟ್ಟಾ ಬಿಚ್ಚಿ ಕಟ್ಟಿದೆ. ಜೀಪಿನವರೆಗೆ ಹೇಗೆ ಎಳೆದುಕೊಂಡು ಬಂದೆನೋ. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು: "ಹೊಳಿಯಾಗಿನ ಮಂದಿ ಆರಾಮ ಅದಾರಲ್ಲ?"

ಪಶುವೈದ್ಯರು ಹಂದಿಯನ್ನು ಕೊಯ್ದು ನೋಡಿದರು. ನನ್ನ ಮೊದಲ ಗುಂಡು ಹೆಗಲಿನ ದಪ್ಪ ತೊಗಲಿನಲ್ಲೇ ಅರಳಿ ಕೂತಿತ್ತು. ಗಟ್ಟಿಯದು ಹಾಕಿದ್ದರೆ ಚಾಚಾನ ಕೈ ಉಳಿಯುತ್ತಿತ್ತು. ಅದೇ ಗಟ್ಟಿ ಗುಂಡು ಹಂದಿಯನ್ನು ದಾಟಿ ಹೊಳೆಯ ಕಡೆಗೇ ಹೋಗುತ್ತಿತ್ತು. ನಾನು ಮರುದಿನ ಒಬ್ಬಳೇ ಹೋಗಿ ಅದೇ ಜಾಗದಲ್ಲಿ ನಿಂತು ನೋಡಿದೆ. ಪೊದೆಯ ಸಂದಿಯಲ್ಲಿ ನೀರು ಕಾಣುತ್ತಿತ್ತು. ಬೆಸ್ತರನ್ನು ಹುಡುಕಿ ಕೇಳಿದೆ. ಆ ಹೊತ್ತಿಗೆ ತೆಪ್ಪ ಅಲ್ಲೇ ಇತ್ತೋ, ದಂಡೆಗೆ ಬಂದಿತ್ತೋ ಅವರಿಗೂ ನೆನಪಿರಲಿಲ್ಲ. ನನಗೆ ಇಂದಿಗೂ ಗೊತ್ತಿಲ್ಲ.

ಹುಲಿಗೆಮ್ಮ ಮತ್ತು ಚಾಚಾ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದರು. ಕೆಳಗಿನ ವಾರ್ಡಿನಲ್ಲಿ ಆಕೆ, ಮೇಲೆ ಇವರು. ಹಂದಿ ಸತ್ತಿತೆಂದು ಹೇಳಿದಾಗ ಹುಲಿಗೆಮ್ಮ ಕೇಳಿದ್ದು, "ನಮ್ಮ ಮಂದಿ ಹತ್ತಿಗೆ ಹೊಂಟರೇನು?" ಹೊರಟರು ಎಂದೆ. "ಗೌಡ ಕೂಲಿ ಹೆಚ್ಚು ಕೊಡಾಕತ್ಯಾನೇನು?" ಎಂದು ನಕ್ಕಳು. ಆಮೇಲೆ ತನ್ನ ಪಾಲಿನ ಎರಡು ಬಾಳೆಹಣ್ಣು ನನ್ನ ಕೈಗಿಟ್ಟು, "ಮ್ಯಾಲಿನ ಸಾಬಣ್ಣಗ ಕೊಡು. ನನ್ನ ಸಲುವಾಗಿ ಬಂದು ಮುರಕೊಂಡಾನ," ಎಂದಳು.

ಮೇಲೆ ಹೋಗಿ ಕೊಟ್ಟೆ. ಹಣ್ಣು ಸುಲಿದು ಅವರಿಗೆ ತಿನ್ನಿಸುವಾಗ ತಡೆಯಲಾಗದೆ ಕೇಳಿಬಿಟ್ಟೆ: "ನಾ ಗಟ್ಟೀದು ಹಾಕಬೇಕಿತ್ತೇನು ಚಾಚಾ?"

"ನೀ ಗಟ್ಟೀದು ಹಾಕಿದ್ರ ನಾ ಒಳಗ ಬರ್ತಿರಲಿಲ್ಲ," ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಅವರ ಮುಖ ನೋಡಿ ತಿಳಿಯಲಿಲ್ಲ.

ಕೈ ಕೂಡಿಕೊಂಡ ಮೇಲೆ ಚಾಚಾ ಕಣ್ಣಿನ ಆಪರೇಶನ್ ಮಾಡಿಸಿಕೊಂಡರು. ಶಿವರಾತ್ರಿಯ ಹೊತ್ತಿಗೆ ಒಂದು ದಿನ ಕರಿ ಕನ್ನಡಕ ಹಾಕಿಕೊಂಡು, ಕಂಬಳಿಯಲ್ಲಿ ಸುತ್ತಿದ ರೈಫಲ್ ಹೆಗಲಿಗೇರಿಸಿಕೊಂಡು ನನ್ನ ಮನೆಯ ಮುಂದೆ ನಿಂತಿದ್ದರು. "ಆ ಹೊಲಕ್ಕ ಒಂದ ಸರ್ತಿ ಕರಕೊಂಡು ಹೋಗು," ಎಂದರು.

ಕೊನೆಯ ಸಲದ ಹತ್ತಿ ಬಿಡಿಸುತ್ತಿದ್ದರು. ಹುಲಿಗೆಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು ಹತ್ತಿಯಿಂದ ಕಸ ತೆಗೆಯುತ್ತಿದ್ದಳು. ಬಗ್ಗಲು ಇನ್ನೂ ಆಗುತ್ತಿರಲಿಲ್ಲ. ಚಾಚಾ ನಾವು ಕಾದಿದ್ದ ಜಾಗದಲ್ಲಿ ನಿಂತು ಕನ್ನಡಕ ತೆಗೆದರು. ಅಂದಿನ ಹೆಂಗಸರು ಎಲ್ಲಿದ್ದರೆಂದು ಕೇಳಿದರು. ಕೈ ಮಾಡಿ ತೋರಿಸಿದೆ. ಅಲ್ಲಿ ಅಂದಿನಂತೆಯೇ ಒಂದು ಸಾಲು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರು ತುಟಿ ಅಲುಗಿಸುತ್ತ ಎಣಿಸಿದರು. "ಒಂಬತ್ತು ಮಂದಿ. ಒಬ್ಬಾಕಿ ಬಸರಿ ಅದಾಳ," ಎಂದರು. ಅಷ್ಟು ದೂರದಿಂದ ನನಗೆ ಅದು ಕಂಡಿರಲಿಲ್ಲ. ರೈಫಲನ್ನು ಹೆಗಲಿನಿಂದ ಇಳಿಸಿ, ಸಡಿಲಾಗಿದ್ದ ಕಂಬಳಿಯನ್ನು ಬಿಗಿಯಾಗಿ ಸುತ್ತಿದರು.

ಅಲ್ಲಿಂದ ನೇರ ಠಾಣೆಗೆ ನಡೆದರು. ರೈಫಲನ್ನು ಮೇಜಿನ ಮೇಲಿಟ್ಟು ಲೈಸನ್ಸ್ ವಾಪಸು ಕೊಡುತ್ತೇನೆಂದರು. ಅಲ್ಲಿದ್ದವರು ಅರ್ಜಿ ತುಂಬುತ್ತ ಕಾರಣ ಕೇಳಿದರು. "ವಯಸ್ಸಾತು, ಕಣ್ಣು ಸರಿಯಾಗಿ ಕಾಣವಲ್ಲು ಅಂತ ಬರಿಲೇನು?"

"ಇಲ್ಲ ಸಾಹೇಬ್ರ," ಎಂದರು ಚಾಚಾ. "ಈಗ ಚೊಲೋ ಕಾಣಾಕತ್ಯಾವ. ಅದನ್ನೇ ಬರೀರಿ."